ಆರಿದ್ರ ಮಳೆಯ ಗುಡ್ಡ, ವರದಿಯೊಳಗಿನ ಪಾಳು ನೆಲ

ಆರಿದ್ರ ಮಳೆ ಹಿಡಿದು ನಾಲ್ಕನೆಯ ದಿನ. ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಒಂದು ಗುಡ್ಡದ ಓರೆಯಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜ ಹಳ್ಳದ ಮರಳಿನಲ್ಲಿ ಮಂಡಿಯೂರಿ ಎರಡೂ ಕೈಯಿಂದ ಬಗೆಯತೊಡಗಿದರು. ಗೇಣು ಇಳಿಯುವಷ್ಟರಲ್ಲಿ ಮರಳಿನ ಬಣ್ಣ ಗಾಢವಾಯಿತು, ಮೊಳ ಇಳಿದಾಗ ನೀರು ಜಿನುಗಿತು. ಮೊದಲೆರಡು ಬೊಗಸೆ ಕೆಂಪು ನೀರನ್ನು ಮೊಗೆದು ಚೆಲ್ಲಿ, ಮೂರನೆಯದನ್ನು ಕುಡಿದರು. ನನಗೂ ಕೊಟ್ಟರು. ಮಳೆಗಾಲ ಮುಗಿದ ಮೇಲೂ ಯುಗಾದಿಯವರೆಗೆ ಈ ಒರತೆ ಕೈಕೊಡುವುದಿಲ್ಲ ಎಂದರು. ಆಚೆಯ ಹಳ್ಳದಲ್ಲಿ ಹೀಗೆ ಬಗೆದರೆ ನೀರು ಸಿಗುತ್ತದೆಯೇ ಎಂದು ಕೇಳಿದೆ. ‘ಅದರ ನೆತ್ತಿಯ ಮೇಲಿದ್ದ ಗುಡ್ಡವೇ ಹೋಗಿದೆಯಲ್ಲ ತಮ್ಮಾ, ಇನ್ನೆಲ್ಲಿಯ ನೀರು’ ಎಂದರು.

ಭೂಜಲ ತಜ್ಞರು ಹತ್ತು ಪುಟದಲ್ಲಿ ಬಿಡಿಸಿ ಹೇಳುವುದೂ ಇದನ್ನೇ. ಕಬ್ಬಿಣದ ಅದಿರಿನ ಬೆಟ್ಟಗಳ ನೆತ್ತಿಯಲ್ಲಿರುವ ಸಡಿಲವಾದ, ರಂಧ್ರಗಳಿಂದ ತುಂಬಿದ ಅದಿರು ಮಳೆನೀರನ್ನು ಹೀರಿಕೊಂಡು ಹಿಡಿದಿಡುತ್ತದೆ. ಕೆಳಗಿನ ಗಟ್ಟಿ ಶಿಲೆಯ ಪದರ ತಾಗಿದಲ್ಲಿ ಅದು ಒರತೆಯಾಗಿ ನಿಧಾನವಾಗಿ ಹೊರಬರುತ್ತದೆ. ಅಂದರೆ ಗಣಿಗಾರನಿಗೆ ಬೇಕಾದ ಅದಿರೇ ಹಳ್ಳದ ನೀರಿನ ತೊಟ್ಟಿ. ಕೊಳವೆಬಾವಿ ಕೊರೆಸದೆ, ಮೀಟರು ಇಳಿಬಿಡದೆ, ಗುಡ್ಡ ಉಳಿದ ಒಂದು ಹಳ್ಳವನ್ನೂ ಗುಡ್ಡ ಕಳೆದುಕೊಂಡ ಇನ್ನೊಂದು ಹಳ್ಳವನ್ನೂ ವರ್ಷಗಟ್ಟಲೆ ನೋಡುತ್ತ ಬಂದವರು ಅದನ್ನು ಕಂಡುಕೊಂಡಿದ್ದಾರೆ.

ಗಣಿಗೆ ಅನುಮತಿ ಕೊಡುವ ಮುನ್ನ ನಡೆಯುವ ಪರಿಸರ ಪರಿಣಾಮ ಅಧ್ಯಯನದಲ್ಲಿ ಈ ಅಜ್ಜನ ಮಾತಿಗೆ ಜಾಗ ಎಲ್ಲಿದೆ? ಇದೆ. ಆದರೆ ಅದು ಕೊನೆಯಲ್ಲಿದೆ, ಅದೂ ದೂರಿನ ರೂಪದಲ್ಲಿ. ಈ ಜಿಲ್ಲೆಯಲ್ಲಿ ಪದೇಪದೇ ಕಾಣುವ ತೊಡಕಿನ ಬೇರು ಇದೇ ಎಂದು ನಾನು ನಂಬಿದ್ದೇನೆ.

ಅಧ್ಯಯನ ಹೇಗೆ ನಡೆಯುತ್ತದೆ ಎಂಬುದನ್ನು ನೋಡೋಣ. ದೇಶದಲ್ಲಿ ಪರಿಸರ ಪರಿಣಾಮ ಅಧ್ಯಯನವನ್ನು ಕಡ್ಡಾಯ ಮಾಡಿದ ಮೊದಲ ಅಧಿಸೂಚನೆ ಬಂದದ್ದು 1994ರ ಜನವರಿಯಲ್ಲಿ. ಸಾರ್ವಜನಿಕ ಆಲಿಕೆ ಸೇರಿಕೊಂಡದ್ದು 1997ರಲ್ಲಿ. ಈಗ ಜಾರಿಯಲ್ಲಿರುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ಕಂಪನಿ ಅರ್ಜಿ ಹಾಕುತ್ತದೆ. ಯಾವ ಯಾವ ವಿಷಯ ಪರಿಶೀಲಿಸಬೇಕು ಎಂದು ಕೇಂದ್ರದ ಅಥವಾ ರಾಜ್ಯದ ತಜ್ಞರ ಸಮಿತಿ ಒಂದು ಪಟ್ಟಿ ಕೊಡುತ್ತದೆ. ಆ ಪಟ್ಟಿಗೆ ತಕ್ಕಂತೆ ಮಾನ್ಯತೆ ಪಡೆದ ಸಲಹಾ ಸಂಸ್ಥೆಯೊಂದು ಕರಡು ವರದಿ ಸಿದ್ಧಪಡಿಸುತ್ತದೆ. ಅದಕ್ಕೆ ಹಣ ಕೊಡುವುದು ಅರ್ಜಿ ಹಾಕಿದ ಕಂಪನಿಯೇ. ಕರಡು ಸಿದ್ಧವಾದ ಮೇಲೆ ಸಾರ್ವಜನಿಕ ಆಲಿಕೆ, ಆಮೇಲೆ ಅಂತಿಮ ವರದಿ, ಆಮೇಲೆ ಸಮಿತಿಯ ಶಿಫಾರಸು.

ಗಣಿಪ್ರದೇಶವನ್ನೂ ಅದರ ಸುತ್ತಲಿನ ಹತ್ತು ಕಿಲೋಮೀಟರ್ ವಲಯವನ್ನೂ ಅಧ್ಯಯನ ಮಾಡಬೇಕು. ಗಾಳಿ, ನೀರು, ಮಣ್ಣು, ಸದ್ದು, ಸಸ್ಯ ಮತ್ತು ಪ್ರಾಣಿಗಳ ಕುರಿತು ಒಂದು ಋತುವಿನ ಮಾಹಿತಿ ಸಂಗ್ರಹಿಸಬೇಕು. ಗಣಿ ಯೋಜನೆಗಳ ಮಾದರಿ ಪಟ್ಟಿಯೇ ಹೇಳುವಂತೆ ಅದು ಮಳೆಗಾಲ ಬಿಟ್ಟು ಬೇರೆ ಋತುವಾಗಿರಬೇಕು. ಧೂಳು ಅಳೆಯುವವರ ದೃಷ್ಟಿಯಿಂದ ಇದು ಸರಿ. ಮಳೆಯಲ್ಲಿ ಧೂಳು ಏಳುವುದಿಲ್ಲ, ಅಳತೆ ಕಡಿಮೆ ಬರುತ್ತದೆ. ಆದರೆ ಸಂಡೂರಿನಂಥ ಗುಡ್ಡದ ಬದುಕು ನಡೆಯುವುದೇ ಮಳೆಗಾಲದಲ್ಲಿ. ಬಳ್ಳಾರಿಯ ಬಯಲಿಗಿಂತ ಹೆಚ್ಚು ಮಳೆ ಪಡೆಯುವ ಈ ಸಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ ಹಸಿರಾಗಿ, ಉಳಿದ ತಿಂಗಳು ಕುರುಚಲು ಒಣಗಿ ಕಲ್ಲು ಕಾಣುವಂತೆ ಇರುತ್ತದೆ. ಮಾರ್ಚ್‌ನಲ್ಲಿ ಬಂದವರಿಗೆ ಕಾಣುವುದು ಕಲ್ಲು. ಒಣಕಾಲದಲ್ಲಿ ತೆಗೆದ ಉಪಗ್ರಹ ಚಿತ್ರಕ್ಕೂ ಕಲ್ಲೇ ಕಾಣುತ್ತದೆ. ಭೂಬಳಕೆಯ ನಕ್ಷೆಯಲ್ಲಿ ಅದಕ್ಕೊಂದು ಬಣ್ಣ ಬಳಿದು ‘ಕುರುಚಲು’, ‘ಪಾಳು’, ‘ಕಲ್ಲುಭೂಮಿ’ ಎಂದು ಬರೆಯುತ್ತಾರೆ. ಕಂದಾಯ ದಾಖಲೆಯಲ್ಲಿ ಅಂಥ ನೆಲಕ್ಕೆ ‘ಖರಾಬು’ ಎಂಬ ಹೆಸರು ಮೊದಲೇ ಇದೆ.

ಈ ಖರಾಬಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಕುರಿಗಾರರ ವರ್ಷವನ್ನು ಹಿಡಿದು ನೋಡಬೇಕು. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆ ಎರೆ (ಕಪ್ಪು ಮಣ್ಣು) ಮತ್ತು ಮಸಾರಿ (ಕೆಂಪು ಮಣ್ಣು) ಎಂಬ ಎರಡು ಬಗೆಯ ನೆಲವಿದೆ. ಮಳೆ ಹಿಡಿದ ಕೂಡಲೇ ಎರೆನೆಲ ಕೆಸರಾಗುತ್ತದೆ. ಕುರಿಯ ಗೊರಸಿನ ಸಂದಿಯಲ್ಲಿ ಅಂಟಿದ ಎರೆಮಣ್ಣು ಬಿಡುವುದಿಲ್ಲ, ಗೊರಸು ಕೊಳೆಯುತ್ತದೆ. ಮಸಾರಿ ಹೊಲಗಳಲ್ಲಿ ಬಿತ್ತನೆ ಆಗಿರುತ್ತದೆ, ಅಲ್ಲಿ ಕಾಲಿಡುವಂತಿಲ್ಲ. ಆಗ ಹಿಂಡಿಗೆ ಉಳಿಯುವುದು ನೀರು ನಿಲ್ಲದ, ಗರಸು ಮಣ್ಣಿನ, ಗಾಳಿಯಾಡುವ ಗುಡ್ಡದ ಓರೆ. ಗಾಳಿ ಏಕೆ ಬೇಕು ಎಂದರೆ, ತಗ್ಗಿನಲ್ಲಿ ನಿಂತ ಹಿಂಡಿಗೆ ಮಳೆಗಾಲದಲ್ಲಿ ಬಾಯಿ ಹುಣ್ಣಾಗಿ ನಾಲಿಗೆ ಬಾತು ಕುರಿ ಸಾಯುತ್ತವೆ ಎನ್ನುತ್ತಾರೆ. ಪಶುವೈದ್ಯರು ಅದನ್ನು ನೀಲಿನಾಲಿಗೆ ರೋಗ ಎನ್ನುತ್ತಾರೆ. ತೇವದ ಜಾಗದಲ್ಲಿ ಹುಟ್ಟುವ ಸಣ್ಣ ನೊಣಗಳು ಅದನ್ನು ಹರಡುತ್ತವೆ. ನೊಣದ ಹೆಸರು ಗೊತ್ತಿಲ್ಲದೆ ಅದರಿಂದ ತಪ್ಪಿಸಿಕೊಳ್ಳುವ ಜಾಗವನ್ನು ಕುರಿಗಾರರು ಗುರುತಿಸಿಕೊಂಡಿದ್ದಾರೆ. ಸುಗ್ಗಿ ಮುಗಿದ ಮೇಲೆ ಹಿಂಡು ಬಯಲಿಗೆ ಇಳಿಯುತ್ತದೆ. ರೈತರ ಹೊಲಗಳಲ್ಲಿ ರಾತ್ರಿ ಕುರಿ ತರುಬಿ ಗೊಬ್ಬರ ಕೊಟ್ಟು, ಕಾಳನ್ನೋ ಹಣವನ್ನೋ ಪಡೆಯುತ್ತದೆ. ಮಳೆಗಾಲದ ನಾಲ್ಕು ತಿಂಗಳು ಗುಡ್ಡ ಇಲ್ಲವಾದರೆ ಉಳಿದ ಎಂಟು ತಿಂಗಳ ಗೊಬ್ಬರವೂ ಇಲ್ಲ. ಗುಡ್ಡದಿಂದ ಇಪ್ಪತ್ತು, ಮೂವತ್ತು ಕಿಲೋಮೀಟರ್ ದೂರದ, ಅಧ್ಯಯನದ ಹತ್ತು ಕಿಲೋಮೀಟರಿನ ಆಚೆಯ ಹೊಲದವನಿಗೂ ಅದು ತಟ್ಟುತ್ತದೆ.

ಮಾದರಿ ಪಟ್ಟಿಯಲ್ಲಿ ಹುಲ್ಲುಗಾವಲನ್ನು ಗುರುತಿಸಿ ಎಂಬ ಮಾತಿದೆ. ವನ್ಯಪ್ರಾಣಿಗಳ ವಲಸೆ ದಾರಿಯನ್ನು ಗುರುತಿಸಿ ಎಂಬ ಮಾತೂ ಇದೆ. ಕುರಿಹಿಂಡಿನ ವಲಸೆ ದಾರಿಯನ್ನು ಗುರುತಿಸಿ ಎಂಬ ಮಾತು ಇಲ್ಲ. ಆನೆಗೆ ಇರುವ ದಾರಿಯ ಹಕ್ಕು ಇಲ್ಲಿ ಕುರಿಗೂ ಕುರಿ ಕಾಯುವವನಿಗೂ ಇಲ್ಲ. ಕರ್ನಾಟಕ ಭೂಕಂದಾಯ ನಿಯಮಗಳ 97ನೆಯ ನಿಯಮ ನೂರು ಜಾನುವಾರಿಗೆ 30 ಎಕರೆ ಗೋಮಾಳ ಕಾಯ್ದಿಡಬೇಕು ಎನ್ನುತ್ತದೆ. ಆ ಲೆಕ್ಕ ಊರಿಗೆ ಸೇರಿದ ದನಕರುಗಳದ್ದು. ಋತುವಿಗೊಮ್ಮೆ ಬಂದು ಹೋಗುವ ಹಿಂಡಿಗೆ ಯಾವ ಊರಿನ ಲೆಕ್ಕದಲ್ಲೂ ಎಕರೆ ಇಲ್ಲ.

ಕುರುಬರದು ಒಂದು ಬಗೆಯ ತಿಳಿವಳಿಕೆಯಾದರೆ ನಾಯಕರದು, ಲಂಬಾಣಿಗರದು ಬೇರೆ ಬಗೆ. ಎತ್ತಿನ ಹೇರುಗಳಲ್ಲಿ ದವಸ, ಉಪ್ಪು ಸಾಗಿಸುತ್ತ ದೇಶ ಸುತ್ತಿದವರ ಮೊಮ್ಮಕ್ಕಳು ತಾಂಡಾ ಕಟ್ಟಿ ನೆಲೆ ನಿಂತ ಜಾಗಗಳನ್ನು ನೋಡಿದರೆ ನೀರಿನ ಆಸರೆ ಹುಡುಕುವ ಕಣ್ಣು ಅವರಿಗೆ ಎಷ್ಟಿತ್ತು ಎಂದು ತಿಳಿಯುತ್ತದೆ. ಸೀತಾಫಲ ಯಾವ ಓರೆಯಲ್ಲಿ ಮೊದಲು ಕಣ್ಣು ಬಿಡುತ್ತದೆ, ಕವಳಿ ಮತ್ತು ಬಾರಿ ಹಣ್ಣು ಎಲ್ಲಿ, ಬರದ ವರ್ಷ ಕಮರದ ಸೊಪ್ಪನ್ನು ಎಷ್ಟು ಸವರಿದರೆ ಮರ ಉಳಿಯುತ್ತದೆ ಎಂಬುದು ಹೆಚ್ಚಾಗಿ ಹೆಂಗಸರಿಗೆ ಗೊತ್ತಿರುವ ವಿದ್ಯೆ. ವರದಿಯ ಸಸ್ಯಪಟ್ಟಿಯಲ್ಲಿ ಈ ಗಿಡಗಳ ಲ್ಯಾಟಿನ್ ಹೆಸರು ಇರುತ್ತದೆ; ಯಾರು, ಯಾವ ತಿಂಗಳಲ್ಲಿ, ಎಷ್ಟು ಕೊಯ್ಯುತ್ತಾರೆ ಎಂಬ ಅಂಕಣವೇ ಇರುವುದಿಲ್ಲ.

ಇನ್ನು ಸಾರ್ವಜನಿಕ ಆಲಿಕೆ. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ. ಮಾಲಿನ್ಯ ನಿಯಂತ್ರಣ ಮಂಡಳಿ ಏರ್ಪಾಡು ಮಾಡುತ್ತದೆ. 30 ದಿನ ಮುಂಚಿತವಾಗಿ ಪ್ರಕಟಣೆ ಕೊಡಬೇಕು, ಇಡೀ ಸಭೆಯ ವಿಡಿಯೊ ಚಿತ್ರೀಕರಣ ಆಗಬೇಕು. ಕಾಗದದ ಮೇಲೆ ಇದು ಒಳ್ಳೆಯ ವ್ಯವಸ್ಥೆ, ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಕನ್ನಡದಲ್ಲಿ ಸಿಗುವುದು ವರದಿಯ ಸಾರಾಂಶ ಮಾತ್ರ. ನೂರಾರು ಪುಟಗಳ ಮೂಲ ವರದಿ ಇಂಗ್ಲಿಷಿನಲ್ಲಿರುತ್ತದೆ.

ಅಂಥ ಒಂದು ಸಭೆಯಲ್ಲಿ ನಾನು ಶಾಮಿಯಾನದ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಮಧ್ಯವಯಸ್ಸಿನ ಹೆಣ್ಣುಮಗಳೊಬ್ಬರು ಮೈಕು ಹಿಡಿದು ಮಾತನಾಡಿದರು. ಲಾರಿಗಳು ಓಡಾಡುವ ದಾರಿಯ ಎರಡೂ ಬದಿ ಹುಲ್ಲಿನ ಮೇಲೆ ಕೆಂಪು ಧೂಳು ಕೂರುತ್ತದೆ, ಎಮ್ಮೆ ಆ ಹುಲ್ಲನ್ನು ಮೂಸಿ ಬಿಟ್ಟುಬಿಡುತ್ತದೆ, ದೂರದ ಹುಲ್ಲು ತರಲು ಒಂದು ಹೊತ್ತಿನ ಕೂಲಿ ಬಿಡಬೇಕಾಗುತ್ತದೆ, ಹಿಂಗಾರಿಯಲ್ಲಿ ಜೋಳ ಹೂವಿಗೆ ಬಂದಾಗ ಧೂಳು ಬಿದ್ದರೆ ತೆನೆ ಸರಿಯಾಗಿ ಕಾಳು ಕಟ್ಟುವುದಿಲ್ಲ, ಮುಂಗಾರಿಯಲ್ಲಾದರೆ ಮಳೆ ತೊಳೆಯುವುದರಿಂದ ಅಷ್ಟು ತೊಂದರೆ ಇಲ್ಲ ಎಂದರು. ದಾರಿಯಿಂದ ಎಷ್ಟು ಸಾಲು ಒಳಗೆ ಹೋದರೆ ಕಾಳು ಚೆನ್ನಾಗಿದೆ ಎಂಬುದನ್ನೂ ಹೇಳಿದರು. ಇದು ಋತುವಾರು, ದೂರವಾರು ಮಾಹಿತಿ. ಸಂಶೋಧನಾ ವಿದ್ಯಾರ್ಥಿಯೊಬ್ಬ ಅಳೆದು ಪರೀಕ್ಷಿಸಬಹುದಾದ ನಾಲ್ಕೈದು ಸಂಗತಿಗಳು ಅದರಲ್ಲಿದ್ದವು. ನಡಾವಳಿಯಲ್ಲಿ ಅದು ಒಂದು ಸಾಲಾಗಿ ದಾಖಲಾಯಿತು: ‘ಧೂಳಿನಿಂದ ಬೆಳೆಗೆ ತೊಂದರೆ ಆಗುತ್ತಿದೆ ಎಂದು ಅಹವಾಲು ಸಲ್ಲಿಸಿದರು.’ ಪಕ್ಕದ ಅಂಕಣದಲ್ಲಿ ಕಂಪನಿಯ ಉತ್ತರ: ‘ರಸ್ತೆಗೆ ನಿಯಮಿತವಾಗಿ ನೀರು ಸಿಂಪಡಿಸಲಾಗುವುದು.’

ಅಹವಾಲಿಗೆ ಭರವಸೆ ಕೊಟ್ಟರೆ ಸಾಕು, ಅದು ಮುಗಿಯಿತು. ಮಾಹಿತಿಯನ್ನು ಹಾಗೆ ಮುಗಿಸಲು ಬರುವುದಿಲ್ಲ. ಅದನ್ನು ಪರೀಕ್ಷಿಸಬೇಕು, ಒಪ್ಪಬೇಕು, ಇಲ್ಲವೇ ಕಾರಣ ಕೊಟ್ಟು ತಳ್ಳಿಹಾಕಬೇಕು. ಆ ಹೆಣ್ಣುಮಗಳ ಮಾತು ಕರಡು ವರದಿ ಬರೆಯುವ ಮುನ್ನ ಬಂದಿದ್ದರೆ ಧೂಳು ಅಳೆಯುವ ಯಂತ್ರವನ್ನು ಎಲ್ಲಿ, ಯಾವ ತಿಂಗಳು ಇಡಬೇಕು ಎಂಬುದನ್ನೇ ಅದು ನಿರ್ಧರಿಸುತ್ತಿತ್ತು.

ಭೂಮಿಯ ಒಳಗಿರುವುದನ್ನು ಹುಡುಕುವಾಗ ಹಳಬರ ತಿಳಿವಳಿಕೆಗೆ ನಮ್ಮ ಗಣಿ ಉದ್ಯಮ ಎಂದೂ ಬೆನ್ನು ತೋರಿಸಿಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನ ಹುಡುಕಿ ಬಂದ ಆಧುನಿಕ ಎಂಜಿನಿಯರುಗಳಿಗೆ ದಾರಿ ತೋರಿದ್ದು ಪ್ರಾಚೀನರು ತೋಡಿದ್ದ ಗುಂಡಿಗಳು. ಸುಮಾರು 640 ಅಡಿ ಆಳದವರೆಗೆ ಅವರು ಇಳಿದಿದ್ದರು. 1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಮೊದಲು ಕಂಡದ್ದು ಕೂಡ ಆ ಸೀಮೆಯಲ್ಲಿ ಚಿನ್ನ ಅರಸುತ್ತಿದ್ದ ಎಂಜಿನಿಯರ್ ಸಿ. ಬೀಡನ್. ಅದಿರು ಎಲ್ಲಿದೆ ಎಂಬುದಕ್ಕೆ ಹಳಬರ ಗುರುತು ಪುರಾವೆಯಾಯಿತು. ನೀರು ಎಲ್ಲಿದೆ, ಮೇವು ಎಲ್ಲಿದೆ ಎಂಬುದಕ್ಕೆ ಮಾತ್ರ ಅದು ಬರಿಯ ನಂಬಿಕೆ ಎನಿಸಿಕೊಳ್ಳುತ್ತದೆ.

ಇಲ್ಲಿನ ಮೇವಿನ ಇತಿಹಾಸವೂ ಚಿಕ್ಕದಲ್ಲ. ಬಳ್ಳಾರಿಯಿಂದ ತೋರಣಗಲ್ಲಿನ ಕಡೆಗೆ ಹೋಗುವಾಗ ಸಿಗುವ ಕುಡತಿನಿಯ ಬೂದಿದಿಬ್ಬ, ಸಂಗನಕಲ್ಲು ಮತ್ತು ಕಪ್ಪಗಲ್ಲು ಸುತ್ತಲಿನ ನೆಲೆಗಳು ನವಶಿಲಾಯುಗದವು. ರಾಕ್ಷಸರನ್ನು ಸುಟ್ಟ ಬೂದಿ ಎಂದು ಜನ ಹೇಳುತ್ತಿದ್ದ ಇಂಥ ದಿಬ್ಬಗಳನ್ನು ಅಗೆದ ಪುರಾತತ್ವಜ್ಞರು ಅವು ದನದ ದೊಡ್ಡಿಗಳ ಸಗಣಿ ಪದರಪದರವಾಗಿ ಉರಿದು ಆದವು ಎಂದು ತೋರಿಸಿದರು. ಉತ್ನೂರಿನ ಅಗೆತದಲ್ಲಿ ದನದ ಗೊರಸಿನ ಅಚ್ಚುಗಳೇ ಸಿಕ್ಕವು. ಅಂದರೆ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನಿಂದ ಈ ಸೀಮೆಯ ಜನ ದನಕರುಗಳೊಂದಿಗೆ ಬಯಲಿಗೂ ಗುಡ್ಡಕ್ಕೂ ನಡುವೆ ಓಡಾಡಿಕೊಂಡೇ ಬಂದಿದ್ದಾರೆ. ಇಷ್ಟು ಹಳೆಯ ಭೂಬಳಕೆಗೆ ನಕ್ಷೆಯಲ್ಲಿ ‘ಪಾಳು’ ಎಂಬ ಬಣ್ಣ ಬಳಿಯುವುದನ್ನು ನೋಡಿದಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಬೇರೆಡೆ ಇದನ್ನು ಹೇಗೆ ಮಾಡಿದ್ದಾರೆ? ಕೆನಡಾದಲ್ಲಿ ಮೆಕೆಂಜಿ ಕಣಿವೆಯ ಮೂಲಕ ಅನಿಲದ ಕೊಳವೆ ಹಾಕುವ ಯೋಜನೆ ಬಂದಾಗ ನ್ಯಾಯಮೂರ್ತಿ ಥಾಮಸ್ ಬರ್ಗರ್ 1974ರಿಂದ 1977ರವರೆಗೆ ವಿಚಾರಣೆ ನಡೆಸಿದರು. ನಗರದಲ್ಲಿ ಕುಳಿತು ತಜ್ಞರನ್ನು ಕೇಳುವುದರ ಜೊತೆಗೆ 35 ಊರುಗಳಿಗೆ ತಾವೇ ಹೋಗಿ, ಬೇಟೆಗಾರರ, ಮೀನುಗಾರರ ಮಾತನ್ನು ಅವರ ಭಾಷೆಯಲ್ಲೇ ಹೇಳಿಸಿ ಸಾಕ್ಷ್ಯವಾಗಿ ದಾಖಲಿಸಿಕೊಂಡರು. ಆ ಕಣಿವೆಯಲ್ಲಿ ಹತ್ತು ವರ್ಷ ಕೊಳವೆ ಬೇಡ ಎಂದು ಶಿಫಾರಸು ಮಾಡಿದರು. ಅದೇ ದಶಕದಲ್ಲಿ ಅಲ್ಲಿನ ಉತ್ತರದ ಹಿಮಸೀಮೆಯ ಮೂಲನಿವಾಸಿಗಳಾದ ಇನ್ಯುಟ್ ಬೇಟೆಗಾರರು ತಮ್ಮ ಜೀವಮಾನದಲ್ಲಿ ಎಲ್ಲೆಲ್ಲಿ ಬೇಟೆಯಾಡಿದೆವು, ಎಲ್ಲಿ ಬಿಡಾರ ಹೂಡಿದೆವು ಎಂಬುದನ್ನು ನಕ್ಷೆಯ ಮೇಲೆ ಗೆರೆ ಎಳೆದು ತೋರಿಸಿದರು. ಒಬ್ಬೊಬ್ಬರ ಗೆರೆಯನ್ನು ಒಂದರ ಮೇಲೊಂದು ಇಟ್ಟಾಗ ಬರಿ ಹಿಮ ಎಂದು ಸರ್ಕಾರ ತಿಳಿದಿದ್ದ ನೆಲ ಗೆರೆಗಳಿಂದ ತುಂಬಿಹೋಯಿತು. 2019ರ ಅಲ್ಲಿನ ಪರಿಣಾಮ ಅಧ್ಯಯನ ಕಾಯ್ದೆ ಮೂಲನಿವಾಸಿಗಳ ತಿಳಿವಳಿಕೆಯನ್ನು ಪರಿಗಣಿಸುವುದನ್ನು ಕಡ್ಡಾಯ ಮಾಡಿದೆ. ಅಲ್ಲಿ ಎಲ್ಲವೂ ಸರಿಹೋಗಿದೆ ಎಂದಲ್ಲ. ಆದರೆ ಆ ನಕ್ಷೆಯ ವಿಧಾನ ನಮ್ಮ ಕುರಿದಾರಿಗಳಿಗೆ ಅಳತೆ ತೆಗೆದು ಹೊಲಿದ ಅಂಗಿಯಂತೆ ಒಪ್ಪುತ್ತದೆ.

ನಮ್ಮ ದೇಶದ್ದೇ ಉದಾಹರಣೆ ನಿಯಮಗಿರಿ. ಒಡಿಶಾದ ಆ ಬೆಟ್ಟದ ಬಾಕ್ಸೈಟ್ ಗಣಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ ಗ್ರಾಮಸಭೆಗಳೇ ತೀರ್ಮಾನಿಸಲಿ ಎಂದಿತು. ಅಲ್ಲಿನ ಆದಿವಾಸಿಗಳಾದ ಡೊಂಗ್ರಿಯಾ ಕೊಂಧರು ಮತ್ತು ಅವರ ನೆರೆಯವರ 12 ಸಭೆಗಳೂ ಗಣಿ ಬೇಡ ಎಂದವು. ಆ ತೀರ್ಪು ಬಂದದ್ದು 2013ರ ಏಪ್ರಿಲ್ 18ರಂದು. ಬಳ್ಳಾರಿಯ ಗಣಿಗಳ ಕುರಿತ ಸುಪ್ರೀಂ ಕೋರ್ಟಿನ ದೊಡ್ಡ ತೀರ್ಪು ಬಂದದ್ದೂ ಅದೇ ದಿನ. 2011ರ ಜುಲೈ 29ರಂದು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದ್ದ ನ್ಯಾಯಾಲಯ, ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಹೆಚ್ಚು ಅಕ್ರಮ ನಡೆಸಿದ ಸಿ ವರ್ಗದವನ್ನು ರದ್ದು ಮಾಡಿ, ಉಳಿದವಕ್ಕೆ ಪುನಶ್ಚೇತನ ಯೋಜನೆಯ ಷರತ್ತು ಹಾಕಿತು. ವರ್ಷಕ್ಕೆ ಇಷ್ಟೇ ಅದಿರು ಎಂದು ಮಿತಿ ಕಟ್ಟಿತು: ಬಳ್ಳಾರಿಗೆ ಮೊದಲು 25 ದಶಲಕ್ಷ ಟನ್, 2017ರಲ್ಲಿ 28, 2022ರಲ್ಲಿ 35. ಆ ಮಧ್ಯಪ್ರವೇಶ ಇಲ್ಲದಿದ್ದರೆ ಸಂಡೂರು ಇಂದು ಹೇಗಿರುತ್ತಿತ್ತು ಎಂದು ಯೋಚಿಸಲೂ ಭಯವಾಗುತ್ತದೆ. ಆದರೂ ಒಂದೇ ದಿನದ ಎರಡು ತೀರ್ಪುಗಳಲ್ಲಿ ಕೇಳಿದ ಪ್ರಶ್ನೆ ಬೇರೆ. ಅಲ್ಲಿ ಬೆಟ್ಟದ ಜನರನ್ನು ಕೇಳಿದರು. ಇಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಮತ್ತು ಶಿಕ್ಷಣ ಪರಿಷತ್ತನ್ನು, ಕೇಂದ್ರೀಯ ಉನ್ನತಾಧಿಕಾರ ಸಮಿತಿಯನ್ನು ಕೇಳಿದರು. ಗಡಿ ಒತ್ತುವರಿ, ತ್ಯಾಜ್ಯಮಣ್ಣಿನ ರಾಶಿ, ಚೆಕ್‌ಡ್ಯಾಂ, ಟನ್ ಎಲ್ಲದರ ಲೆಕ್ಕವೂ ಬಂತು. ಗುಡ್ಡವನ್ನು ಯಾರು ಹೇಗೆ ಬಳಸುತ್ತಿದ್ದರು ಎಂಬ ಪ್ರಶ್ನೆ ಆ ಲೆಕ್ಕದ ತಿರುಳಾಗಲಿಲ್ಲ.

ಇದಕ್ಕೆ ಕಾನೂನಿನ ಕಾರಣವೂ ಇದೆ. ಕರ್ನಾಟಕದಲ್ಲಿ ಸಂವಿಧಾನದ ಐದನೆಯ ಅನುಸೂಚಿಯಡಿ ಆದಿವಾಸಿಗಳಿಗಾಗಿ ಗುರುತಿಸಿದ ಪ್ರದೇಶಗಳಿಲ್ಲ. ಹಾಗಾಗಿ ಒಡಿಶಾ, ಜಾರ್ಖಂಡಿನ ಅನುಸೂಚಿತ ಪ್ರದೇಶಗಳ ಗ್ರಾಮಸಭೆಗೆ ಪೆಸಾ (ಅನುಸೂಚಿತ ಪ್ರದೇಶಗಳಿಗೆ ಪಂಚಾಯಿತಿ ವಿಸ್ತರಣೆ) ಕಾಯ್ದೆ ಕೊಡುವ ಬಲ ನಮ್ಮ ಗ್ರಾಮಸಭೆಗೆ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಮಾತ್ರ ಇಲ್ಲಿಗೂ ಅನ್ವಯಿಸುತ್ತದೆ. ಅಲೆಮಾರಿ ಪಶುಪಾಲಕರ ಮೇವಿನ ಹಕ್ಕು, ಜೀವವೈವಿಧ್ಯಕ್ಕೆ ಸಂಬಂಧಿಸಿದ ಪಾರಂಪರಿಕ ತಿಳಿವಳಿಕೆಯ ಮೇಲೆ ಸಮುದಾಯದ ಹಕ್ಕು ಎರಡನ್ನೂ ಅದು ಹೆಸರಿಸಿ ಹೇಳುತ್ತದೆ. ಆದರೆ ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ನಮ್ಮಲ್ಲಿ ನಾಯಕರು ಪರಿಶಿಷ್ಟ ಪಂಗಡ, ಲಂಬಾಣಿಗರು ಪರಿಶಿಷ್ಟ ಜಾತಿ, ಕುರುಬರು ಹಿಂದುಳಿದ ವರ್ಗ. ಒಂದೇ ಗುಡ್ಡವನ್ನು ಬಳಸುವ ಮೂವರಿಗೆ ಮೂರು ಬಗೆಯ ಕಾಗದ. ವರ್ಷವಿಡೀ ನಡೆಯುವ ಕುರಿಗಾರ 75 ವರ್ಷ ಒಂದೆಡೆ ನೆಲೆಸಿದ್ದಕ್ಕೆ ಯಾವ ಸಾಕ್ಷಿ ತರಬೇಕು? ನನ್ನ ಮಟ್ಟಿಗೆ, ಇಲ್ಲಿ ‘ಆದಿವಾಸಿ ಯಾರು’ ಎಂಬ ವಾದಕ್ಕೆ ಬೀಳುವುದಕ್ಕಿಂತ ‘ಈ ನೆಲವನ್ನು ಬಳಸಿ ಬಲ್ಲವರು ಯಾರು’ ಎಂದು ಕೇಳುವುದೇ ಸರಿ. ತಿಳಿವಳಿಕೆ ಜಾತಿಪ್ರಮಾಣಪತ್ರಕ್ಕಿಂತ ಹೆಚ್ಚಾಗಿ ಕಸುಬಿಗೂ ಜಾಗಕ್ಕೂ ಅಂಟಿಕೊಂಡಿದೆ.

ಆಕ್ಷೇಪಗಳಿಗೆ ಬರೋಣ, ಏಕೆಂದರೆ ಅವು ಟೊಳ್ಳು ಆಕ್ಷೇಪಗಳಲ್ಲ. ಹಳಬರ ಮಾತೆಲ್ಲವೂ ಸರಿಯೇನು ಎಂಬುದು ಮೊದಲನೆಯದು. ಎಲ್ಲವೂ ಸರಿಯಲ್ಲ. ನೆನಪು ತಪ್ಪುತ್ತದೆ, ಗಣಿ ಬರುವ ಮುಂಚಿನ ಕಾಲವೆಲ್ಲ ಚಿನ್ನವಾಗಿ ಕಾಣುತ್ತದೆ. ಅದಕ್ಕೇ ಪರೀಕ್ಷೆ ಬೇಕು ಎನ್ನುತ್ತಿರುವುದು. ಯುಗಾದಿಯವರೆಗೆ ಒರತೆ ಇರುತ್ತದೆ ಎಂದರೆ ಮಾರ್ಚ್‌ನಲ್ಲಿ ಹೋಗಿ ಬಗೆದು ನೋಡಬಹುದು. ಊರಿನ ಪರವಾಗಿ ಮಾತನಾಡುವವರು ಯಾರು ಎಂಬುದು ಇನ್ನೊಂದು, ಮತ್ತು ಹೆಚ್ಚು ಕಷ್ಟದ ಪ್ರಶ್ನೆ. ಸಭೆಯಲ್ಲಿ ಮೈಕು ಹಿಡಿಯುವವರು ಬಹುತೇಕ ಗಂಡಸರು, ಜಮೀನುಳ್ಳವರು, ಲಾರಿ ಇಟ್ಟುಕೊಂಡವರು. ಕವಳಿ ಹಣ್ಣಿನ ಜಾಗ ಬಲ್ಲ ಹೆಂಗಸರನ್ನು ಅವರ ಅಂಗಳದಲ್ಲೇ ಕುಳಿತು ಕೇಳದೆ ತೆಗೆದ ನಕ್ಷೆ ಅರ್ಧ ನಕ್ಷೆಯೇ. ಎಲ್ಲ ತಿಳಿವಳಿಕೆಯನ್ನೂ ನಕ್ಷೆಗೆ ಹಾಕಬಾರದು ಎಂಬುದೂ ನಿಜ. ಔಷಧಿ ಗಿಡದ ಜಾಗ ಪ್ರಕಟವಾದರೆ ಮರುವರ್ಷ ಅಲ್ಲಿ ಗಿಡ ಇರುವುದಿಲ್ಲ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಹೇಳುವವರೇ ತೀರ್ಮಾನಿಸಬೇಕು. ಗಣಿಯ ಕೂಲಿಯನ್ನು ನಂಬಿದ ಮನೆಗಳೂ ಇದೇ ಊರುಗಳಲ್ಲಿವೆ. ಗಣಿ ನಿಂತ 2011ರ ನಂತರದ ದಿನಗಳಲ್ಲಿ ಕಂತು ಕಟ್ಟಲಾಗದೆ ಲಾರಿ ಕಳೆದುಕೊಂಡವರ ಸಂಕಟ ಸುಳ್ಳಲ್ಲ. ನಕ್ಷೆ ಮಾಡಿದ ಮಾತ್ರಕ್ಕೆ ಗಣಿ ನಿಲ್ಲುತ್ತದೆ ಎಂದೇನೂ ಇಲ್ಲ. ಯಾವ ಓರೆಯನ್ನು ಮುಟ್ಟಬಾರದು, ತ್ಯಾಜ್ಯಮಣ್ಣನ್ನು ಯಾವ ಹಳ್ಳದ ತಲೆಯ ಮೇಲೆ ಸುರಿಯಬಾರದು, ಹಿಂಡಿಗೆ ಯಾವ ದಾರಿ ಬಿಡಬೇಕು ಎಂಬುದನ್ನು ಅದು ತೋರಿಸುತ್ತದೆ. ಕೆಲವೆಡೆ ಗಣಿಯೇ ಬೇಡ ಎಂದೂ ತೋರಿಸಬಹುದು. ಹಾಗೆ ತೋರಿಸಿದರೆ ಅದನ್ನು ಕೇಳುವ ಮನಸ್ಸು ಇರಬೇಕು.

ಸಂಡೂರಿನ ದೇವದಾರಿ ಬೆಟ್ಟದ ಪ್ರಶ್ನೆ ಇನ್ನೂ ಕಣ್ಣೆದುರಿಗಿದೆ. ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ಆ ಗಣಿಗೆ 400 ಹೆಕ್ಟೇರಿಗೂ ಹೆಚ್ಚು ಅರಣ್ಯ ಬೇಕು. 2024ರ ಜೂನ್‌ನಲ್ಲಿ ಕೇಂದ್ರದ ಉಕ್ಕು ಸಚಿವರು ಅದರ ಕಡತಕ್ಕೆ ಸಹಿ ಹಾಕಿದರು, ರಾಜ್ಯದ ಅರಣ್ಯ ಸಚಿವರು ಭೂಮಿ ಹಸ್ತಾಂತರಿಸಬೇಡಿ ಎಂದು ಅಧಿಕಾರಿಗಳಿಗೆ ಸೂಚಿಸಿದರು. ಪತ್ರಿಕೆಗಳಲ್ಲಿ ವಾರಗಟ್ಟಲೆ ನಡೆದ ಚರ್ಚೆಯ ಹೆಚ್ಚಿನ ಪಾಲು ಕಡಿಯಬೇಕಾದ ಮರಗಳ ಸಂಖ್ಯೆ ಮತ್ತು ಎರಡು ಸರ್ಕಾರಗಳ ಜಗಳದ ಸುತ್ತ ಇತ್ತು. ಸುಮಾರು 99 ಸಾವಿರ ಮರ ಎಂಬ ಅಂಕಿ ಎಲ್ಲರ ಬಾಯಲ್ಲೂ ಬಂತು. ಮರ ಎಣಿಸಬಹುದು, ಹಾಗಾಗಿ ಅದು ಸುದ್ದಿಯಾಗುತ್ತದೆ. ಆ ಬೆಟ್ಟದಿಂದ ಎಷ್ಟು ಒರತೆ ಹುಟ್ಟುತ್ತವೆ, ಆರಿದ್ರ ಮಳೆಯಲ್ಲಿ ಎಷ್ಟು ಹಿಂಡು ಏರುತ್ತವೆ ಎಂಬ ಎಣಿಕೆ ಯಾರ ಕೈಯಲ್ಲಿದೆ?

ಈ ಎಣಿಕೆಗೆ ಹೊಸ ಕಾಯ್ದೆ ಬೇಕಾಗಿಲ್ಲ. ಪ್ರತಿ ಯೋಜನೆಗೂ ಅಧ್ಯಯನದ ಪಟ್ಟಿ ಕೊಡುವಾಗ ಹೆಚ್ಚುವರಿ ಅಂಶಗಳನ್ನು ಸೇರಿಸುವ ಅಧಿಕಾರ ತಜ್ಞರ ಸಮಿತಿಗೆ ಈಗಲೇ ಇದೆ. ಮುಂಗಾರು, ಹಿಂಗಾರು, ಬೇಸಿಗೆ ಮೂರೂ ಕಾಲದ ಭೂಬಳಕೆಯ ನಕ್ಷೆಯನ್ನು ಗ್ರಾಮಸಭೆಯ ಮುಂದಿಟ್ಟು ಒಪ್ಪಿಗೆ ಪಡೆದು ವರದಿಗೆ ಸೇರಿಸಿ ಎಂದು ಒಂದು ಸಾಲು ಬರೆದರೆ ಸಾಕು. ಪಂಚಾಯಿತಿಗಳಲ್ಲಿ 2002ರ ಜೀವವೈವಿಧ್ಯ ಕಾಯ್ದೆಯಡಿ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ಹಾಕಿದ ಮೇಲೆ ಆತುರದಲ್ಲಿ ತುಂಬಿಸಿದವೂ ಅವುಗಳಲ್ಲಿ ಇವೆ; ಅವನ್ನು ನಿಜವಾದ ದಾಖಲೆಯಾಗಿ ಮತ್ತೆ ಬರೆಯಬಹುದು. ಹಣದ ಕೊರತೆ ಎಂದು ಈ ಜಿಲ್ಲೆಯಲ್ಲಿ ಯಾರೂ ಹೇಳುವಂತಿಲ್ಲ. ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ ಹಿಡಿದು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವೇ ನಿಂತಿದೆ.

ಆದರೆ ಗಾಳಿ ಬೀಸುತ್ತಿರುವ ದಿಕ್ಕು ಬೇರೆ. ಪರಿಸರ ಪರಿಣಾಮ ಅಧ್ಯಯನದ 2020ರ ಕರಡು ಅಧಿಸೂಚನೆ ಆಲಿಕೆಯ ಪ್ರಕಟಣೆಯ ಅವಧಿಯನ್ನು 30 ದಿನದಿಂದ 20ಕ್ಕೆ ಇಳಿಸಲು ಹೊರಟಿತ್ತು. ಅದು ಕನ್ನಡದಲ್ಲಿ ಪ್ರಕಟವಾಗಿಲ್ಲ ಎಂಬ ವಾದವನ್ನು ಕೇಳಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆಗೆ ತಡೆ ಒಡ್ಡಿತು. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಣು ಖನಿಜ ಮತ್ತು ನಿರ್ಣಾಯಕ ಖನಿಜಗಳ ಗಣಿ ಯೋಜನೆಗಳನ್ನು ಸಾರ್ವಜನಿಕ ಸಮಾಲೋಚನೆಯಿಂದಲೇ ಹೊರಗಿಟ್ಟಿತು. ಸಂಡೂರಿನ ಕಬ್ಬಿಣಕ್ಕೆ ಅದು ಅನ್ವಯಿಸುವುದಿಲ್ಲ. ಲಿಥಿಯಂನಂಥ ಖನಿಜ ಸಿಕ್ಕ ಊರಿನವರಿಗೆ ಮಾತ್ರ ಅಹವಾಲು ಸಲ್ಲಿಸುವ ಆ ಒಂದು ಮೈಕೂ ಇರುವುದಿಲ್ಲ.

ಹಳ್ಳದ ಬಳಿಯಿಂದ ಹೊರಡುವಾಗ ಅಜ್ಜನ ಹಿಂಡಿನ ಮುಂದಿದ್ದ ಹೋತ ಯಾರೂ ಕೂಗದೆಯೇ ಓರೆ ಏರತೊಡಗಿತು, ಕುರಿಗಳು ಹಿಂದೆ ಹೊರಟವು. ನಾನು ಮೊಬೈಲಿನಲ್ಲಿ ದಾರಿ ಗುರುತು ಹಾಕಿಕೊಳ್ಳುತ್ತ ಅವರ ಹಿಂದೆ ನಡೆದೆ. ಒಂದೂಮುಕ್ಕಾಲು ಗಂಟೆಯಲ್ಲಿ ಮೂರು ಒರತೆ, ರಾತ್ರಿ ಕುರಿ ತರುಬುವ ಎರಡು ಹಟ್ಟಿಜಾಗ, ಒಂದು ಬೀರಪ್ಪನ ಕಲ್ಲು ಸಿಕ್ಕವು. ಮನೆಗೆ ಬಂದು ಒಂದು ಹಳೆಯ ವರದಿಯ ಭೂಬಳಕೆ ನಕ್ಷೆಯ ಮೇಲೆ ಆ ಗೆರೆಯನ್ನು ಇಟ್ಟು ನೋಡಿದೆ. ಮೊದಲಿನಿಂದ ಕೊನೆಯವರೆಗೂ ಅದು ಒಂದೇ ತಿಳಿಹಳದಿ ಬಣ್ಣದ ಮೇಲೆ ಹಾದುಹೋಗಿತ್ತು. ಬದಿಯ ವಿವರಣೆಯಲ್ಲಿ ಆ ಬಣ್ಣದ ಮುಂದೆ ‘ಬಳಕೆಯಲ್ಲಿಲ್ಲದ ಭೂಮಿ’ ಎಂದಿತ್ತು.